ಇಲ್ಲದ ಜೋನ್, ಇದ್ದ ಮೈಫ್ರೆಡಾ

ಮಾನ್ಯರೇ,

ಹದಿನಾಲ್ಕನೇ ಲಿಯೋ ಪೋಪ್ ಆದಾಗಿನಿಂದ ನಮ್ಮ ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಕಥೆ ಸುತ್ತು ಹೊಡೆಯುತ್ತಲೇ ಇದೆ. 855ರಲ್ಲಿ ನಾಲ್ಕನೇ ಲಿಯೋ ತೀರಿಕೊಂಡ ಮೇಲೆ ಗಂಡುವೇಷದ ಹೆಣ್ಣೊಬ್ಬಳು ಪೋಪ್ ಆದಳಂತೆ. ಹೆಸರು ಜೋನ್. ಎರಡು ವರ್ಷ ಏಳು ತಿಂಗಳು ನಾಲ್ಕು ದಿನ ಆ ಪೀಠದಲ್ಲಿದ್ದಳಂತೆ. ಮೆರವಣಿಗೆಯಲ್ಲಿ ಹೋಗುವಾಗ ಕೊಲೋಸಿಯಂ ಹತ್ತಿರದ ಇಕ್ಕಟ್ಟಾದ ಗಲ್ಲಿಯಲ್ಲಿ ಹೆರಿಗೆಯಾಗಿ ಗುಟ್ಟು ರಟ್ಟಾಯಿತಂತೆ. ಕೊನೆಗೆ ‘ಚರ್ಚ್ ಮುಚ್ಚಿಟ್ಟ ಸತ್ಯ, ಎಲ್ಲರಿಗೂ ಕಳಿಸಿ’ ಅಂತ ಒಂದು ಸಾಲು. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಇತಿಹಾಸ ಪಾಠ ಮಾಡಿದವಳು ನಾನು, ಸುಮ್ನೆ ಇರಲಾಗಲಿಲ್ಲ.

ಇಷ್ಟೊಂದು ‘ಅಂತೆ’ ಕಂಡಾಗ ಮೊದಲು ಕೇಳಬೇಕಾದ್ದು, ಇದನ್ನು ಬರೆದವರು ಯಾರು, ಯಾವಾಗ ಅಂತ. 855ರ ಸುತ್ತಮುತ್ತ ಬದುಕಿದ್ದವರು ಒಬ್ಬರೂ ಬರೆದಿಲ್ಲ. ಮೊದಲು ಬರೆದದ್ದು ಝಾನ್ ದ ಮಾಯಿ ಎಂಬ ಫ್ರೆಂಚ್ ಸನ್ಯಾಸಿ, ಅದೂ 1250ರ ಹೊತ್ತಿಗೆ. ನಡುವೆ ನಾನೂರು ವರ್ಷ! ಅವರು ಹೇಳುವ ಕಾಲ 1099ರ ಸುಮಾರು. ಅವಳಿಗೆ ಹೆಸರೇ ಇಲ್ಲ, ಹೆರಿಗೆ ಆಗುವುದು ಕುದುರೆ ಹತ್ತುವಾಗ. ಮುಂದೆ ಇಪ್ಪತ್ತು ಮೂವತ್ತು ವರ್ಷದಲ್ಲಿ ಮಾರ್ಟಿನ್ ಎಂಬ ಇನ್ನೊಬ್ಬ ಸನ್ಯಾಸಿಯ ಪುಸ್ತಕಕ್ಕೆ ಬರುವಷ್ಟರಲ್ಲಿ ಕಥೆ ಇನ್ನೂರೈವತ್ತು ವರ್ಷ ಹಿಂದಕ್ಕೆ ಜಿಗಿದಿತ್ತು. ಊರು, ಪ್ರಿಯಕರ, ಅಥೆನ್ಸಿನ ಓದು, ದಿನದ ಲೆಕ್ಕ ಎಲ್ಲ ಸೇರಿಕೊಂಡಿದ್ದವು.

ನಾಲ್ಕನೇ ಲಿಯೋ ತೀರಿಕೊಂಡದ್ದು 855ರ ಜುಲೈನಲ್ಲಿ. ಆಮೇಲೆ ಬಂದ ಮೂರನೇ ಬೆನೆಡಿಕ್ಟ್ ಹೆಸರಿನ ಜೊತೆ ಚಕ್ರವರ್ತಿ ಲೋಥೇರ್ ಹೆಸರೂ ಇರುವ ನಾಣ್ಯಗಳು ಸಿಕ್ಕಿವೆ. ಲೋಥೇರ್ ಸತ್ತದ್ದು ಅದೇ ಸೆಪ್ಟೆಂಬರ್ ಕೊನೆಗೆ. ಈ ಎರಡು ತಿಂಗಳ ಸಂದಿಯಲ್ಲಿ ಜೋನಳ ಎರಡೂವರೆ ವರ್ಷವನ್ನು ಎಲ್ಲಿ ತುರುಕೋಣ?

ಚರ್ಚ್ ಮುಚ್ಚಿಟ್ಟಿತು ಅನ್ನುವುದೂ ಸುಳ್ಳು. ಇಟಲಿಯ ಸಿಯೆನಾ ಕೆಥೆಡ್ರಲ್‌ನಲ್ಲಿ ಪೋಪ್‌ಗಳ ತಲೆಯ ಶಿಲ್ಪಗಳ ಸಾಲಿನಲ್ಲಿ 1600ರ ಸುಮಾರಿನವರೆಗೂ ಜೋನಳದೂ ಇತ್ತು. ಕಥೆಯನ್ನು ಎಳೆಎಳೆಯಾಗಿ ಬಿಡಿಸಿ ಸುಳ್ಳೆಂದು ತೋರಿಸಿದ ಡೇವಿಡ್ ಬ್ಲೊಂಡೆಲ್ ಕ್ಯಾಥೊಲಿಕರೇ ಅಲ್ಲ, ಪ್ರಾಟೆಸ್ಟೆಂಟ್ ಪಾದ್ರಿ. ಅದು 1647ರಲ್ಲಿ. (ಪೋಪ್ ಗಂಡಸು ಹೌದೋ ಅಲ್ಲವೋ ಅಂತ ಪರೀಕ್ಷಿಸುವ ತೂತಿನ ಕುರ್ಚಿಯ ಫೋಟೊ ಕಳಿಸಿದ್ದು ನಮ್ಮ ಭಾವ. ಕುರ್ಚಿ ಇರುವುದು ನಿಜ, ಪರೀಕ್ಷೆ ಕಟ್ಟುಕಥೆ.)

ನನಗೆ ಜಾಸ್ತಿ ಬೇಜಾರು ಬೇರೆ ವಿಷಯಕ್ಕೆ. ಹೆಣ್ಣೇ ಪೋಪ್ ಆಗಬೇಕು ಎಂದು ನಂಬಿದ್ದ ಜನ ನಿಜಕ್ಕೂ ಇದ್ದರು. ಮಿಲಾನ್‌ನಲ್ಲಿ ಗುಲ್ಯೆಲ್ಮಾ ಎಂಬ ಹೆಂಗಸು 1280ರ ಆಸುಪಾಸಿನಲ್ಲಿ ತೀರಿಕೊಂಡಾಗ, ಅವಳೇ ಪವಿತ್ರಾತ್ಮದ ಅವತಾರ ಎಂದುಕೊಂಡ ಒಂದು ಗುಂಪು ಹುಟ್ಟಿತು. ಇನ್ನು ಮುಂದೆ ಪೋಪ್ ಹೆಣ್ಣು, ಪೋಪ್ ಕೆಳಗಿನ ಹಿರಿಯರಾದ ಕಾರ್ಡಿನಲ್‌ಗಳೂ ಹೆಣ್ಣುಮಕ್ಕಳು ಅನ್ನುವುದು ಅವರ ನಂಬಿಕೆ. ಪೋಪ್ ಆಗಬೇಕಾದವಳು ಮೈಫ್ರೆಡಾ ಎಂಬ ಸನ್ಯಾಸಿನಿ. 1300ರ ಈಸ್ಟರ್ ಹಬ್ಬಕ್ಕೆ ಮನೆಯೊಂದರಲ್ಲಿ ಪಾದ್ರಿಗಳ ವಸ್ತ್ರ ತೊಟ್ಟು ಅವಳೇ ಬಲಿಪೂಜೆ (ಪಾದ್ರಿಗಳು ರೊಟ್ಟಿ, ದ್ರಾಕ್ಷಾರಸ ಇಟ್ಟು ನಡೆಸುವ ಚರ್ಚಿನ ಮುಖ್ಯ ಆರಾಧನೆ) ಮಾಡಿದಳು. ಅದೇ ವರ್ಷ ಧರ್ಮವಿಚಾರಣೆಯವರು, ಅಂದರೆ ಚರ್ಚಿನ ಮಾತಿಗೆ ವಿರುದ್ಧ ನಂಬಿದವರನ್ನು ವಿಚಾರಿಸುವ ನ್ಯಾಯಮಂಡಳಿಯವರು, ಅವಳನ್ನು ಸುಟ್ಟರು. ಗುಲ್ಯೆಲ್ಮಾಳ ಮೂಳೆಗಳನ್ನೂ ಗೋರಿಯಿಂದ ತೆಗೆದು ಸುಟ್ಟರು.

ಇದಕ್ಕೆ ‘ಅಂತೆ’ ಬೇಕಿಲ್ಲ. ವಿಚಾರಣೆಯಲ್ಲಿ ಗುಮಾಸ್ತ ಬರೆದುಕೊಂಡ ಹಾಳೆಗಳು ಮಿಲಾನ್‌ನ ಗ್ರಂಥಾಲಯದಲ್ಲಿ ಈಗಲೂ ಇವೆ. ಹದಿನೇಳನೇ ಶತಮಾನದಲ್ಲಿ ಪಾವಿಯಾ ಊರಿನ ಒಂದು ದಿನಸಿ ಅಂಗಡಿಯಲ್ಲಿ ಅವು ಸಿಕ್ಕವು ಅನ್ನುತ್ತಾರೆ. ಪೊಟ್ಟಣ ಕಟ್ಟಲು ಇಟ್ಟುಕೊಂಡಿದ್ದರೋ ಏನೋ!

ಇಷ್ಟನ್ನೂ ಟೈಪ್ ಮಾಡಿ ಗುಂಪಿಗೆ ಹಾಕಿದೆ. ಎರಡು ಹೆಬ್ಬೆರಳು ಬಂದವು. ಭಾವ ಮತ್ತೆ ಅದೇ ಕುರ್ಚಿ ಕಳಿಸಿದ್ದಾರೆ.

– ನಿವೃತ್ತ ಶಿಕ್ಷಕಿ, ಹಾಸನ