ಕಾರ್ಡ್ ಉಳಿಯಿತು, ಈಗ ಹೊಡೆತಗಳ ಬಾಕಿ ಲೆಕ್ಕ

ನಮ್ಮ ಹುಡುಗನ ಕಾರ್ಡ್ ಉಳಿಯಿತು. ಭಾರತದ ವೃತ್ತಿಪರ ಗಾಲ್ಫ್ ಟೂರ್, ಅಂದರೆ ಪಿಜಿಟಿಐಯಲ್ಲಿ, ವರ್ಷದ ಗಳಿಕೆಯ ಪಟ್ಟಿಯಲ್ಲಿ ಮೊದಲ 60ರೊಳಗೆ ನಿಂತವರಿಗೆ ಮುಂದಿನ ವರ್ಷದ ಆಟ ಖಾತ್ರಿ. ಅದರ ಆಚೆ ಬಿದ್ದವರಲ್ಲಿ ಹೆಚ್ಚಿನವರು ಮತ್ತೆ ಕ್ವಾಲಿಫೈಯಿಂಗ್ ಸ್ಕೂಲ್, ಅಂದರೆ ಅರ್ಹತಾ ಪಂದ್ಯದ ಸಾಲಿನಲ್ಲಿ ನಿಲ್ಲಬೇಕು. ಅವನು ಒಳಗೆ ನಿಂತಿದ್ದಾನೆ. ಅವನ ಜೊತೆ ಕೆಲಸ ಮಾಡುವ ನಾವು ನಾಲ್ಕು ಮಂದಿ ಸೇರಿ ಇದನ್ನು ಬರೆಯುತ್ತಿದ್ದೇವೆ. ಮಂಗಳೂರು ಕಡೆಯವರು, ಬ್ಯಾಂಕುಗಳು ಹುಟ್ಟಿದ ಊರಿನವರಲ್ಲವೇ, ಲೆಕ್ಕ ಹೇಳದೆ ಬರೀ 'ಎಲ್ಲರಿಗೂ ಧನ್ಯವಾದ' ಅಂದರೆ ನಮಗೇ ಸಮಾಧಾನ ಇಲ್ಲ. ಯಾರಿಂದ ಯಾವ ಹೊಡೆತ ಉಳಿಯಿತು ಅಂತ ಹೇಳಿಯೇ ಕೈಮುಗಿಯುತ್ತೇವೆ.

ಲೆಕ್ಕವನ್ನು ಹೊಡೆತದಲ್ಲೇ ಯಾಕೆ ಹೇಳಬೇಕು ಅಂದರೆ, ಈ ಉದ್ಯೋಗದಲ್ಲಿ ನಿಜವಾದ ನಾಣ್ಯ ಅದೇ. ಚೆಂಡನ್ನು ಹೋಲಿಗೆ ಹಾಕಲು ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಪಂದ್ಯ ನಾಲ್ಕು ದಿನ, 72 ಹೋಲ್. 36 ಹೋಲ್ ಮುಗಿದಾಗ ಮೊದಲ 50 ಸ್ಥಾನದವರು ಮತ್ತು ಅವರಿಗೆ ಸಮ ಬಂದವರು ಮಾತ್ರ ಮುಂದಕ್ಕೆ. ಇದಕ್ಕೆ 'ಕಟ್' ಅನ್ನುತ್ತಾರೆ. ಕಟ್ ತಪ್ಪಿದವನಿಗೆ ಒಂದು ರೂಪಾಯಿಯೂ ಇಲ್ಲ. ಪ್ರವೇಶ ಶುಲ್ಕ, ಬಸ್ಸು, ರೂಮು, ಊಟ, ಬ್ಯಾಗ್ ಹಿಡಿಯುವ ಕ್ಯಾಡಿಯ ಸಂಬಳ ಎಲ್ಲ ಕೈಯಿಂದಲೇ. ಒಂದು ಕೋಟಿ ಬಹುಮಾನದ ಪಂದ್ಯದಲ್ಲಿ ಗೆದ್ದವನಿಗೆ 15 ಲಕ್ಷ ಅಂತ ಪೇಪರಿನಲ್ಲಿ ಬರುತ್ತದೆ, ಒಂದೇ ಹೊಡೆತದಲ್ಲಿ ಕಟ್ ತಪ್ಪಿ ರಾತ್ರಿ ಬಸ್ಸು ಹತ್ತಿದವನ ಸುದ್ದಿ ಬರುವುದಿಲ್ಲ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಪದಕ ಗೆದ್ದವರಿಗೂ ಅವರಿಗೂ ನಡುವೆ ಇದ್ದದ್ದು ಒಂದು ಹೊಡೆತ. ಆ ನಾಲ್ಕೂ ದಿನ ಅವರ ಬ್ಯಾಗ್ ಹಿಡಿದವರು ಅವರ ತಾಯಿ.

ಮೊದಲ ನಮಸ್ಕಾರ ಹುಲ್ಲು ನೋಡಿಕೊಳ್ಳುವ ಅಣ್ಣಂದಿರಿಗೆ, ಅಕ್ಕಂದಿರಿಗೆ. ಪಿಲಿಕುಳದಲ್ಲಿ ಗಾಲ್ಫ್ ಮೈದಾನ ಉಂಟು ಅಂತ ಮಂಗಳೂರಿನಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಹುಲಿ ನೋಡಿ ವಾಪಸ್ ಬರುತ್ತಾರೆ. ಗೊತ್ತಿದ್ದವರಿಗೂ ಈ ಕರಾವಳಿಯಲ್ಲಿ ಒಂದು ಗ್ರೀನ್, ಅಂದರೆ ಹೋಲಿನ ಸುತ್ತಲಿನ ನುಣುಪು ಹುಲ್ಲು, ಜೀವ ಹಿಡಿದು ನಿಲ್ಲುವುದು ಎಷ್ಟು ಕಷ್ಟ ಅಂತ ತಿಳಿದಿರಲಿಕ್ಕಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಬೇಸಿಗೆಯಲ್ಲಿ ಮೂರೂವರೆ ನಾಲ್ಕು ಮಿಲಿಮೀಟರಿಗೆ ಕತ್ತರಿಸುವ ಹುಲ್ಲನ್ನು ಜಡಿಮಳೆಯ ಆಟಿ ತಿಂಗಳಲ್ಲಿ ಐದಕ್ಕೆ ಏರಿಸಲೇಬೇಕು. ಬಿಸಿಲೇ ಇಲ್ಲದಾಗ ಎಲೆಯನ್ನೂ ಕತ್ತರಿಸಿದರೆ ಅದು ಊಟ ಮಾಡುವುದು ಎಲ್ಲಿಂದ? ಏರಿಸದಿದ್ದರೆ ಹುಲ್ಲು ತೆಳ್ಳಗಾಗಿ ಅಂಗಳದಲ್ಲಿ ಕಟ್ಟುವ ಹಾಗೆ ಪಾಚಿ ಕಟ್ಟುತ್ತದೆ. ಏರಿಸಿದರೆ 'ಚೆಂಡು ಓಡುವುದೇ ಇಲ್ಲ ಮಾರಾಯ್ರೆ' ಅಂತ ಆಡುವವರ ದೂರು. ಆ ದೂರನ್ನು ಕೇಳಿಸಿಕೊಂಡೂ ಯಂತ್ರದ ಎತ್ತರ ಇಳಿಸದೆ ಇದ್ದದ್ದೇ ದೊಡ್ಡ ಉಪಕಾರ.

ಮಳೆಗಾಲದ ನಿಜವಾದ ತಯಾರಿ ಆಗುವುದು ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲೇ. ಬೆರಳು ದಪ್ಪದ ಟೊಳ್ಳು ಮೊಳೆಗಳ ಯಂತ್ರದಿಂದ ಏಳೆಂಟು ಸೆಂಟಿಮೀಟರ್ ಆಳಕ್ಕೆ ಮಣ್ಣಿನ ಕಡ್ಡಿಗಳನ್ನು ಕಿತ್ತು, ಆ ತೂತಿಗೆ ಹೊಯಿಗೆ, ಅಂದರೆ ಮರಳು ತುಂಬಬೇಕು. ನೀರು ಇಳಿಯುವ ದಾರಿ ಅದು. ಇಲ್ಲಿ ತಪ್ಪುವುದು ಹೊಯಿಗೆಯಲ್ಲಿ. ಸಮುದ್ರ ಪಕ್ಕದಲ್ಲೇ ಉಂಟಲ್ಲ ಅಂತ ಅದರ ಹೊಯಿಗೆ ಹಾಕಿದರೆ ಉಪ್ಪಿಗೆ ಬೇರು ಸುಡುತ್ತದೆ. ಹೊಳೆಯದ್ದು ಆದರೂ ಭರತದ ನೀರು ಏರಿ ಬರುವ ಜಾಗದ್ದಾದರೆ ತೊಳೆಯಬೇಕು. ಜರಡಿ ಹಿಡಿದು, ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ನಡುವಿನ ಕಾಳು ಹೆಚ್ಚು ಇರುವಂತೆ ನೋಡಬೇಕು. ಸಣ್ಣ ಹುಡಿ ಉಳಿದರೆ ಅದೇ ತೂತನ್ನು ಮುಚ್ಚುತ್ತದೆ, ಮಾಡಿದ ಕೆಲಸ ನೀರಲ್ಲಿ ಹೋಮ.

ಇನ್ನು ರೋಗ. ಹುಲ್ಲಿಗೆ ಬರುವ ಪಿಥಿಯಂ ರೋಗ ನಮ್ಮ ಅಡಿಕೆಯ ಕೊಳೆರೋಗದ ದಾಯಾದಿ, ಎರಡರ ರೋಗಾಣುವೂ ಒಂದೇ ಗುಂಪಿನದು. ಅಡಿಕೆ ತೋಟದಲ್ಲಿ ಬೆಳೆದವರಿಗೆ ಆ ವಾಸನೆ, ಆ ಹೊತ್ತು ಹೇಳಿಕೊಡಬೇಕಾಗಿಲ್ಲ. ಬೆಳಗ್ಗೆ ಇಬ್ಬನಿಯಲ್ಲಿ ಜೇಡನ ಬಲೆಯ ಹಾಗೆ ಬಿಳಿ ನೂಲು ಕಂಡರೆ ಅದೇ ದಿನ ಮದ್ದು. ಇಬ್ಬನಿಯನ್ನು ಉದ್ದ ಬಿದಿರ ಕೋಲಿನಿಂದ ಬಡಿದು ಉದುರಿಸಿದರೆ ರೋಗಕ್ಕೆ ಬೇಕಾದ ಒದ್ದೆ ಅರ್ಧ ಕಡಿಮೆ. ಮಳೆಯಲ್ಲಿ ಹಸಿರು ಕಾಣಲಿ ಅಂತ ಯೂರಿಯಾ ಸುರಿದರೆ ಎಲೆ ಮೆತ್ತಗಾಗಿ ರೋಗವನ್ನೇ ಕರೆದ ಹಾಗೆ. ಅದರ ಬದಲು ಪೊಟ್ಯಾಷ್.

ಇದರಿಂದ ನಮ್ಮ ಹುಡುಗನಿಗೆ ಉಳಿದ ಹೊಡೆತ ಯಾವುದು? ದೊಡ್ಡ ಪಂದ್ಯದ ಗ್ರೀನ್ ವೇಗದ್ದು. 36 ಇಂಚಿನ ಸ್ಟಿಂಪ್‌ಮೀಟರ್ ಪಟ್ಟಿಯ ತುದಿಯನ್ನು ಸುಮಾರು 20 ಡಿಗ್ರಿ ಎತ್ತಿದಾಗ ಚೆಂಡು ತಾನಾಗಿ ಉರುಳಿ ಎಷ್ಟು ಅಡಿ ಹೋಗುತ್ತದೆ ಅನ್ನುವುದೇ ಅದರ ಅಳತೆ. ಎಂಟು ಅಡಿಯ ಗ್ರೀನ್‌ನಲ್ಲಿ ಕೈ ಪಳಗಿಸಿಕೊಂಡು ಹನ್ನೊಂದು ಅಡಿಯದ್ದಕ್ಕೆ ಹೋದರೆ ಮೊದಲ ದಿನವೇ ಹೋಲ್ ಹೋಲಿಗೂ ಮೂರು ಪಟ್‌ಗಳ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಮೆರವಣಿಗೆ. ನೀವು ಒಣಗಿದ ತಿಂಗಳುಗಳಲ್ಲಿ ಅಭ್ಯಾಸದ ಗ್ರೀನ್‌ನ ಇಳಿಜಾರಿನ ಮೂಲೆಯೊಂದನ್ನು ಎರಡು ಸಲ ಕತ್ತರಿಸಿ, ರೋಲರ್ ಎಳೆದು ಕೊಟ್ಟಿರಿ. ನಿಧಾನದ ಗ್ರೀನ್ ಇದ್ದಲ್ಲಿ ಮೇಲಿಂದ ಕೆಳಕ್ಕೆ ಪಟ್ ಮಾಡಿದರೆ ವೇಗದ ಗ್ರೀನ್‌ನ ಅಂದಾಜು ಕೈಗೆ ಸಿಗುತ್ತದೆ. 18 ಹೋಲಿನ ಒಂದೊಂದು ಸುತ್ತಿನಲ್ಲೂ ಒಂದು ಹೊಡೆತ ಉಳಿಯಿತು ಅಂತ ಇದನ್ನು ನಿಮ್ಮ ಖಾತೆಗೆ ಬರೆದಿದ್ದೇವೆ. ಕಡಿಮೆಯೇ ಆಯಿತು.

ಎರಡನೆಯದು ಕ್ಯಾಡಿ ಅಣ್ಣನಿಗೆ. ಕ್ಯಾಡಿ ಅಂದರೆ ಬ್ಯಾಗ್ ಹೊರುವವ ಅಂತ ತಿಳಿದವರಿಗೆ ಒಂದು ಮಾತು: 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿದ್ದವರು. 1993ರಲ್ಲಿ ಇನ್ನೊಮ್ಮೆ ಗೆದ್ದರು.

ಮಳೆಯಲ್ಲಿ ಈ ಅಣ್ಣನ ಕೆಲಸ ನೋಡಬೇಕು. ಮೂರು ಟವೆಲ್: ಒದ್ದೆಯದ್ದು ಕ್ಲಬ್ಬಿನ ಮುಖಕ್ಕೆ, ಒಣಗಿದ್ದು ಕೊಡೆಯ ಒಳಗಿನ ಕಡ್ಡಿಗೆ ನೇತು ಹಾಕಿ, ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ ಒಂಬತ್ತನೇ ಹೋಲಿನ ತನಕ ಮುಟ್ಟದೆ. ಮುಂದಿನ ಕ್ಲಬ್ಬಿನ ಗ್ರಿಪ್ ಕಂಕುಳಲ್ಲಿ, ತಲೆ ಕೆಳಗೆ, ನೀರು ಗ್ರಿಪ್ಪಿನ ಕಡೆ ಹರಿಯದ ಹಾಗೆ. ಮುಖವನ್ನು ಒರೆಸುವುದು ಅಭ್ಯಾಸದ ಬೀಸು ಮುಗಿದ ಮೇಲೆ, ಚೆಂಡಿನ ಹಿಂದೆ ನಿಲ್ಲುವ ಮೊದಲು. ಮೊದಲೇ ಒರೆಸಿದರೆ ಒದ್ದೆ ಹುಲ್ಲಿನಲ್ಲಿ ಒಮ್ಮೆ ಬೀಸಿದ ಕೂಡಲೇ ಮತ್ತೆ ನೀರು. ಚೆಂಡಿಗೂ ಮುಖಕ್ಕೂ ನಡುವೆ ನೀರು ಕೂತರೆ ಗೆರೆಗಳಿಗೆ ಹಿಡಿತ ಸಿಗುವುದಿಲ್ಲ. ಹತ್ತಿರದ ಹೊಡೆತದ ಕ್ಲಬ್ಬಾದ ವೆಜ್‌ನಲ್ಲಿ ಹೊಡೆದ ಚೆಂಡು ಜಾರಿ ಮೇಲಕ್ಕೆ ಎದ್ದು, ಸುತ್ತು ಕಳೆದುಕೊಂಡು, ಗ್ರೀನ್‌ನಲ್ಲಿ ನಿಲ್ಲದೆ ಓಡುತ್ತದೆ. ಒದ್ದೆ ರಫ್‌ನಿಂದ, ಅಂದರೆ ಬದಿಯ ಉದ್ದ ಹುಲ್ಲಿನಿಂದ, ಐರನ್ ಕ್ಲಬ್ಬಿನಲ್ಲಿ ಹೊಡೆದರೆ ಎಣಿಸಿದ್ದಕ್ಕಿಂತ ದೂರ ಹಾರಿ ಗ್ರೀನ್‌ನ ಹಿಂದಿನ ಪೊದೆಗೆ.

ಮುರಕಲ್ಲಿನ ಕೆಂಪು ಮಣ್ಣು ಚೆಂಡಿಗೆ ಮೆತ್ತಿಕೊಳ್ಳುವುದು ಬೇರೆ ತಲೆಬಿಸಿ. ಗ್ರೀನ್ ತಲುಪುವ ತನಕ ಸಾಮಾನ್ಯವಾಗಿ ಅದನ್ನು ಒರೆಸುವ ಹಾಗಿಲ್ಲ. ಫೇರ್‌ವೇಯಲ್ಲಿ, ಅಂದರೆ ನಡುವಿನ ಕತ್ತರಿಸಿದ ಹುಲ್ಲಿನ ದಾರಿಯಲ್ಲಿ, ಚೆಂಡು ಎತ್ತಿ ಒರೆಸಿ ಇಡಬಹುದು ಅಂತ ಸಮಿತಿ ಆ ದಿನ ಹೇಳಿದ್ದರೆ ಮಾತ್ರ ಉಂಟು. ಇಲ್ಲದಿದ್ದರೆ, ಮಣ್ಣು ಬಲಕ್ಕೆ ಇದ್ದರೆ ಚೆಂಡು ಎಡಕ್ಕೆ ವಾಲುತ್ತದೆ ಅಂತ ಹಿಡಿದು ಗುರಿ ಬದಲಿಸಬೇಕು. ನಿಂತ ಮಳೆನೀರಿನಲ್ಲಿ ಚೆಂಡು ಬಿದ್ದರೆ ದಂಡ ಇಲ್ಲದೆ ಹೊರಗೆ ತೆಗೆಯಬಹುದು: ನೀರು ತಾಗದ ಹತ್ತಿರದ ಜಾಗ, ಅಲ್ಲಿಂದ ಒಂದು ಕ್ಲಬ್ಬಿನ ಉದ್ದದೊಳಗೆ, ಹೋಲಿಗೆ ಹತ್ತಿರ ಆಗದ ಹಾಗೆ, ಮೊಣಕಾಲಿನ ಎತ್ತರದಿಂದ ಬಿಡುವುದು. 2019ಕ್ಕೆ ಮೊದಲು ಭುಜದ ಎತ್ತರದಿಂದ ಬಿಡಬೇಕಿತ್ತು, ಹಳೆಯ ಅಭ್ಯಾಸದಲ್ಲಿ ಈಗಲೂ ಕೈ ಮೇಲೆ ಹೋಗುವವರಿದ್ದಾರೆ. ಅದೇ ವರ್ಷದಿಂದ ಕಳೆದ ಚೆಂಡು ಹುಡುಕುವ ಸಮಯವೂ ಐದು ನಿಮಿಷದಿಂದ ಮೂರಕ್ಕೆ ಇಳಿಯಿತು.

ಮತ್ತೆ ಎಣಿಕೆ. ಬ್ಯಾಗಿನಲ್ಲಿ ಹದಿನಾಲ್ಕು ಕ್ಲಬ್ಬಿಗಿಂತ ಹೆಚ್ಚು ಇರಬಾರದು. ಹದಿನೈದನೆಯದು ಉಳಿದರೆ ಆಡಿದ ಒಂದೊಂದು ಹೋಲಿಗೂ ಎರಡು ಹೊಡೆತದ ದಂಡ, ಒಂದು ಸುತ್ತಿಗೆ ಹೆಚ್ಚೆಂದರೆ ನಾಲ್ಕು. ಪರೀಕ್ಷೆಗೆ ಅಂತ ಹೊಸ ವೆಜ್ ತಂದ ವಾರದಲ್ಲಿ ಈ ತಪ್ಪು ಆಗುವುದು ಜಾಸ್ತಿ. ಪ್ರತಿ ಬೆಳಗ್ಗೆ ಆಟ ಶುರುವಾಗುವ ಮೊದಲ ಟೀ ಹತ್ತಿರ ತುಳುವಿನಲ್ಲಿ ಗಟ್ಟಿಯಾಗಿ ಎಣಿಸುವ ಈ ಅಣ್ಣನಿಂದ ಎಷ್ಟು ಹೊಡೆತ ಉಳಿದಿದೆ ಅಂತ ಹೇಳುವ ಹಾಗಿಲ್ಲ. ಆಗದೇ ಹೋದ ತಪ್ಪಿಗೆ ಲೆಕ್ಕ ಎಲ್ಲಿ!

ಉಡುಪಿಯ ಸೈಕಲ್ ಅಂಗಡಿಯ ಅಣ್ಣನಿಗೆ ಗ್ರಿಪ್ಪಿನ ಬಾಬ್ತು. ಇಲ್ಲಿನ ಸೆಕೆ, ಬೆವರು, ಉಪ್ಪುಗಾಳಿಗೆ ರಬ್ಬರ್ ಬೇಗ ಗಟ್ಟಿಯಾಗುತ್ತದೆ. ಗಟ್ಟಿಯಾದರೆ ಜಾರುತ್ತದೆ, ಜಾರಿದರೆ ಬಿಗಿ ಹಿಡಿಯುತ್ತಾನೆ, ಬಿಗಿ ಹಿಡಿದರೆ ಮುಂಗೈ ಕಲ್ಲಾಗಿ ಕ್ಲಬ್ಬಿನ ಮುಖ ತಿರುಗುವುದು ತಡವಾಗಿ ಚೆಂಡು ಬಲಕ್ಕೆ. ಜನ ಬೀಸನ್ನು ಬೈಯುತ್ತಾರೆ, ತಪ್ಪು ರಬ್ಬರಿನದ್ದು. ವರ್ಷಕ್ಕೆ ಎರಡು ಸಲ ಬದಲಿಸಲೇಬೇಕು. ಕೊಕ್ಕೆ ಬ್ಲೇಡಿನಿಂದ ಮೈಯಿಂದ ಆಚೆಗೆ ಸೀಳಿ ಹಳೆಯದ್ದು ತೆಗೆಯುವುದು, ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಹಳೆ ಟೇಪ್ ಸುಲಿಯುವುದು, ಎರಡೂ ಬದಿ ಅಂಟುವ ಹೊಸ ಟೇಪ್ ಸುತ್ತಿ ಅರ್ಧ ಇಂಚು ಹೆಚ್ಚು ಬಿಟ್ಟು ಕೊಳವೆಯ ಬಾಯೊಳಗೆ ಮಡಚುವುದು. ಡ್ರೈಯರ್ ದೂರ ಇಟ್ಟ ಮೇಲೆಯೇ ಪೆಟ್ರೋಲು, ಅದೂ ಗಾಳಿ ಆಡುವ ಅಂಗಳದಲ್ಲಿ. ಗ್ರಿಪ್ಪಿನ ತುದಿಯ ತೂತಿಗೆ ಹೆಬ್ಬೆರಳು ಒತ್ತಿ ಒಳಗೆ ಸುರಿದು, ಅದನ್ನೇ ಟೇಪಿನ ಮೇಲೆ ಹೊಯ್ದು, ಒಂದೇ ಉಸಿರಿಗೆ ತಳ್ಳಿ ಗೆರೆ ಸರಿ ಮಾಡಬೇಕು. ಪೆಟ್ರೋಲು ಕಡಿಮೆಯಾದರೆ ಅರ್ಧದಲ್ಲಿ ಕಚ್ಚುತ್ತದೆ, ಮತ್ತೆ ಕೊಯ್ದು ಬಿಸಾಡುವುದೇ. ಘಟ್ಟದ ಮೇಲೆ ಒಂದು ರಾತ್ರಿಗೆ ಒಣಗುವುದು ಇಲ್ಲಿ ಜುಲೈಯಲ್ಲಿ ಎರಡು ರಾತ್ರಿ. ಲೇಪ ಇಲ್ಲದ ವೆಜ್‌ಗಳಿಗೆ ತುಕ್ಕು ಹಿಡಿಯದ ಹಾಗೆ ಹೊಲಿಗೆ ಯಂತ್ರದ ಎಣ್ಣೆ ಸವರಿಕೊಟ್ಟದ್ದೂ ಇವರೇ. ಆಡುವ ಮೊದಲು ಅದನ್ನು ಪೂರ್ತಿ ಒರೆಸಬೇಕು, ಚೆಂಡಿಗೆ ನೀರೂ ಒಂದೇ ಎಣ್ಣೆಯೂ ಒಂದೇ.

ಅಭ್ಯಾಸಕ್ಕೆ ಅಂತ ಬೆಳಗ್ಗೆ ಐದಕ್ಕೆ ಬ್ಯಾಡ್ಮಿಂಟನ್ ಹಾಲ್‌ನ ಬೀಗ ತೆಗೆದುಕೊಟ್ಟ ಮಾಸ್ಟ್ರಿಗೆ ನಮಸ್ಕಾರ. ಮೂರು ಮೀಟರ್ ದೂರಕ್ಕೆ ಬಲೆ, ಕೆಳಗೆ ಚಾಪೆ. ಚಾಪೆ ಸುಳ್ಳು ಹೇಳುತ್ತದೆ: ಚೆಂಡಿನ ಹಿಂದೆ ನೆಲಕ್ಕೆ ಬಡಿದರೂ ಕ್ಲಬ್ ಪುಟಿದು ಚೆಂಡನ್ನು ಚೆನ್ನಾಗಿಯೇ ಹೊಡೆಯುತ್ತದೆ. ಹೊರಗಿನ ಒದ್ದೆ ನೆಲದಲ್ಲಿ ಅದೇ ಹೊಡೆತ ಅರ್ಧ ದಾರಿಗೂ ಹೋಗುವುದಿಲ್ಲ. ಚೆಂಡಿನ ಹಿಂದೆ ಹತ್ತು ಸೆಂಟಿಮೀಟರಿಗೆ ಮಡಚಿದ ಟವೆಲ್ ಇಡಿ ಅಂದದ್ದು ಮಾಸ್ಟ್ರೇ. ಟವೆಲ್ ಹಾರಿದರೆ ಕಳ್ಳತನ ಗೊತ್ತಾಯಿತು.

ಸುರತ್ಕಲ್‌ನ ಇಬ್ಬರು ಎಂಜಿನಿಯರಿಂಗ್ ಮಕ್ಕಳು ಮಾಡಿಕೊಟ್ಟ ದೂರದ ಪಟ್ಟಿ ಒಂದೇ ಹಾಳೆ, ಆದರೆ ಬೆಂಗಳೂರಿನಲ್ಲಿ ಅದೇ ಕೈ ಹಿಡಿದದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಅಲ್ಲಿ ಗಾಳಿ ತೆಳು, ಇಲ್ಲಿ 150 ಗಜ ಹೋಗುವ ಹೊಡೆತ ಅಲ್ಲಿ ಸುಮಾರು 155. ಐದು ಗಜ ಅಂದರೆ ಧ್ವಜದ ಪಕ್ಕಕ್ಕೂ ಹಿಂದಿನ ಬಂಕರಿಗೂ (ಹೊಯಿಗೆ ಗುಂಡಿ) ಇರುವ ವ್ಯತ್ಯಾಸ. ಚಳಿಗಾಲದ ಉತ್ತರ ಭಾರತದಲ್ಲಿ ತಣ್ಣನೆ ಗಾಳಿಗೆ ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನ ಹೊಡೆತ ಐದಾರು ಗಜ ಕಡಿಮೆ. ನಮ್ಮಲ್ಲಿ ತೇವದ ಗಾಳಿ ಭಾರ, ಚೆಂಡು ಹೋಗುವುದಿಲ್ಲ ಅನ್ನುವ ನಂಬಿಕೆ ಉಂಟಲ್ಲ, ಅದು ಉಲ್ಟಾ. ನೀರಾವಿ ಒಣಗಾಳಿಗಿಂತ ಹಗುರ. ವ್ಯತ್ಯಾಸ ತೀರಾ ಸಣ್ಣದು, ಅದಕ್ಕಾಗಿ ಕ್ಲಬ್ ಬದಲಿಸಬೇಡ ಅಂತ ಆ ಮಕ್ಕಳು ಕೆಂಪು ಶಾಯಿಯಲ್ಲಿ ಬರೆದಿದ್ದರು.

ಮಣಿಪಾಲದ ಫಿಸಿಯೋ ಅಕ್ಕ ಬೆನ್ನು ನೋಯುತ್ತದೆ ಅಂದಾಗ ಬೆನ್ನು ಮುಟ್ಟದೆ ಸೊಂಟದ ಕೀಲು ಬಿಡಿಸಿದರು. ಸೊಂಟ ತಿರುಗದಿದ್ದರೆ ಆ ತಿರುಗಾಟವನ್ನೆಲ್ಲ ಕೆಳಬೆನ್ನು ಮಾಡಬೇಕಾಗುತ್ತದೆ. ಒಂಬತ್ತು ಹೋಲಿಗೆ ಸಾಕ್ಸ್ ಬದಲಿಸುವುದು, ಒದ್ದೆ ಶೂಗೆ ರಾತ್ರಿ ಪೇಪರ್ ತುಂಬುವುದು, ಎರಡು ಜೊತೆ ಸರದಿಯಲ್ಲಿ ಹಾಕುವುದು, ಇವೂ ಅವರದೇ ಆಜ್ಞೆ. ಅಮ್ಮನ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಬಗ್ಗೆ ಏನು ಬರೆಯುವುದು? ಐದು ಗಂಟೆ ಬೆವರು ಸುರಿಸುವವನಿಗೆ ನೀರೂ ಉಪ್ಪೂ ಅಕ್ಕಿಯೂ ಒಂದೇ ಬಟ್ಟಲಲ್ಲಿ.

ಶಿರಾಡಿ ಮುಚ್ಚಿದಾಗಲೂ ಚಾರ್ಮಾಡಿಯಲ್ಲಿ ಸುತ್ತಿ ಹೊತ್ತಿಗೆ ತಲುಪಿಸಿದ ರಾತ್ರಿ ಬಸ್ಸಿನ ಚಾಲಕರಿಗೆ, ಬ್ಯಾಗನ್ನು ಡಿಕ್ಕಿಯಲ್ಲಿ ಎಲ್ಲದರ ಮೇಲೆ ಮಲಗಿಸಿದ ಕ್ಲೀನರ್ ಹುಡುಗನಿಗೆ ಸಲಾಂ. ಬ್ಯಾಗಿನೊಳಗೆ ಡ್ರೈವರ್ ಕ್ಲಬ್ಬಿಗಿಂತ ಎರಡು ಇಂಚು ಉದ್ದದ ಗಟ್ಟಿ ಕೋಲು ನಿಲ್ಲಿಸಿದರೆ ಮೇಲಿಂದ ಬೀಳುವ ಭಾರ ಕೋಲು ತಡೆಯುತ್ತದೆ, ಕ್ಲಬ್ಬಿನ ಕುತ್ತಿಗೆ ಮುರಿಯುವುದಿಲ್ಲ. ಆ ಕೋಲು ಯಾರ ಮನೆಯ ಪೊರಕೆಯದ್ದೋ ಈಗಲೂ ಗೊತ್ತಾಗಿಲ್ಲ.

ಎರವಲು ತಂದದ್ದು ಈ ಆದಿತ್ಯವಾರ ವಾಪಸ್ ಬರುತ್ತದೆ. ಹಾಲ್‌ನ ಟಾರ್ಪಾಲು ತೊಳೆದು ಒಣಗಿಸಿದ್ದೇವೆ, ಎರಡು ಕಡೆ ತೇಪೆ ಉಂಟು. ಜರಡಿ ಒಂದಕ್ಕೆ ಹೊಸ ಬಲೆ ಹಾಕಿಸಿದ್ದೇವೆ. ಹೇರ್ ಡ್ರೈಯರ್ ಕೊಟ್ಟ ಅಕ್ಕ, ಅದು ಸರಿಯಾಗಿಯೇ ಉಂಟು, ಆದರೆ ಹಿಡಿಗೆ ಟೇಪಿನ ಅಂಟು ಮೆತ್ತಿದ್ದು ಪೂರ್ತಿ ಹೋಗಲಿಲ್ಲ. ಹೊಸತು ತಂದು ಕೊಡುತ್ತೇವೆ, ಬೇಡ ಅನ್ನಬೇಡಿ.