ಭಾನುವಾರದ ಆಟಕ್ಕೆ ಮುನ್ನ: ಸೇತುವೆಯ ಕಾಳಗ

ಗೆಳೆಯರೇ, ದಾಳ ಹಾಕಿ ಕಥೆ ಕಟ್ಟುವ ನಮ್ಮ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದಲ್ಲಿ ಕಳೆದ ವಾರದ ಕಾಳಗ ಎರಡು ಗಂಟೆ ಎಳೆಯಿತು. ಆಟ ನಡೆಸುವುದು ನಾನು, ತಪ್ಪೂ ನನ್ನದೇ. ಬರಿಯ ಕೋಣೆಯೊಂದರಲ್ಲಿ ಎಂಟು ಗಾಬ್ಲಿನ್‌ಗಳನ್ನು (ಕುಳ್ಳ ರಾಕ್ಷಸರನ್ನು) ನಿಲ್ಲಿಸಿದ್ದೆ. ಎಲ್ಲರೂ ನಿಂತಲ್ಲೇ ನಿಂತು ದಾಳ ಉರುಳಿಸಿದ್ದೇ ಬಂತು.

ಈ ಸಲ ಗಾಬ್ಲಿನ್‌ಗಳು ನಾಲ್ಕೇ. ಆದರೆ ಜಾಗ ಬೇರೆ: ಹಳ್ಳದ ಮೇಲೊಂದು ಹಗ್ಗದ ಸೇತುವೆ, ಆಚೆ ದಡದಲ್ಲಿ ಬಂಡೆಗಳು. ನಮ್ಮದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ 2014ರ ನಿಯಮ, ನೆನಪಿರಲಿ. ನಕ್ಷೆಯ ಒಂದು ಚೌಕ ಎಂದರೆ 5 ಅಡಿ. 30 ಅಡಿ ವೇಗದವರು ಒಂದು ಸರದಿಗೆ ಆರು ಚೌಕ ನಡೆಯಬಹುದು. ಹಳ್ಳದ ಕೆಸರಿಗೆ ಇಳಿದರೆ ಮೂರೇ. ಅರ್ಧ ಮೈ ಮರೆಯಾಗುವ ಬಂಡೆ ಸಿಕ್ಕರೆ ರಕ್ಷಣೆಯ ಅಂಕ (ಏಟು ತಾಗಲು ಹೊಡೆಯುವವರು ಮುಟ್ಟಬೇಕಾದ ಅಂಕ) 2 ಏರುತ್ತದೆ, ಅಂದರೆ ಗಾಬ್ಲಿನ್‌ನ 15 ಅಲ್ಲಿ 17. ಬಾಣ ಬಿಟ್ಟು ಅದೇ ಸರದಿಯಲ್ಲಿ ಮತ್ತೆ ಅಡಗಿಕೊಳ್ಳಲು ಯತ್ನಿಸುವುದು ಅದರ ಹುಟ್ಟುಗುಣ. ಏಳೇ ಅಂಕ ಜೀವವಿರುವ ಪಿಳ್ಳೆ ಎಂದು ಹಗುರವಾಗಿ ಕಾಣಬೇಡಿ.

ಅವುಗಳಿಗೆ ನಿಮ್ಮ ಪ್ರಾಣ ಬೇಕಿಲ್ಲ, ಸೇತುವೆಯ ಹಗ್ಗ ಕಡಿದರೆ ಸಾಕು. (ಇಷ್ಟು ಹೇಳಬಾರದಿತ್ತು, ಇರಲಿ.)

ಸರದಿ ಗೊತ್ತುಮಾಡಲು ಎಲ್ಲ ಗಾಬ್ಲಿನ್‌ಗಳಿಗೂ ಸೇರಿಸಿ ನಾನು ಒಂದೇ ದಾಳ ಹಾಕುತ್ತೇನೆ. ಮಂತ್ರ ಹಾಕುವವರು ತಮ್ಮ ಸರದಿ ಬಂದ ಮೇಲೆ ಪುಟ ತಿರುವಬೇಡಿ, ಮೊದಲೇ ಓದಿಕೊಂಡು ಬನ್ನಿ.

ನಕ್ಷೆಯ ಮೇಲೆ ಗಾಬ್ಲಿನ್‌ಗಳ ಗುರುತಿಗೆ ಹುಣಸೆಬೀಜ ತರುತ್ತಿದ್ದೇನೆ. ಕಳೆದ ವಾರ ಕಡಲೆಬೀಜ ಇಟ್ಟಿದ್ದಕ್ಕೆ ಒಂದು ಗಾಬ್ಲಿನ್ ಸಾಯುವ ಮೊದಲೇ ಯಾರದೋ ಬಾಯಿ ಸೇರಿತ್ತು. ಸಂಜೆ 4ಕ್ಕೆ ಶುರು.