ಕುಡಿಯಬಹುದೋ, ಕುಡಿಯಬಾರದೋ?

ಮಾನ್ಯ ಸಂಪಾದಕರೇ,

ಪರಿಸರ ವಿಜ್ಞಾನದ ಅಧ್ಯಾಪಕನಾದ ನಾನು ಕೆಲವು ವರ್ಷಗಳ ಹಿಂದೆ ನನ್ನ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಜೊತೆ ನೀರು ಪೂರೈಕೆಗೆ ಸಂಬಂಧಿಸಿದ ಸಮಿತಿಯೊಂದರ ಸಭೆಗೆ ಹೋಗಿದ್ದೆ. ಕೊಳವೆಬಾವಿಗಳ ನೀರಿನಲ್ಲಿರುವ ಆರ್ಸೆನಿಕ್ ಎಂಬ ವಿಷವಸ್ತುವಿನ ಪ್ರಮಾಣವನ್ನು ಮೂರು ವರ್ಷ ಅಳೆದು ಆಕೆ ಸಿದ್ಧಪಡಿಸಿದ್ದ ವರದಿ ಅಧ್ಯಕ್ಷರ ಮೇಜಿನ ಮೇಲಿತ್ತು. ಅವರು ನೇರವಾಗಿ ಕೊನೆಯ ಪುಟ ತೆರೆದು, ‘ಹಾಗಾದರೆ ಈ ನೀರನ್ನು ಜನ ಕುಡಿಯಬಹುದೋ, ಕುಡಿಯಬಾರದೋ?’ ಎಂದು ಕೇಳಿದರು. ‘ಇನ್ನೂ ಹೆಚ್ಚಿನ ಅಧ್ಯಯನದ ಅಗತ್ಯವಿದೆ’ ಎಂದಳು ಆಕೆ. ಅಧ್ಯಕ್ಷರು ವರದಿ ಮುಚ್ಚಿಟ್ಟು ಮುಂದಿನ ವಿಷಯ ಕೈಗೆತ್ತಿಕೊಂಡರು. ಆಕೆಯ ಮಾತು ಸುಳ್ಳಲ್ಲ. ಹಾಗೆ ಬರೆಯುವುದನ್ನು ಅವಳಿಗೆ ಕಲಿಸಿದವನು ನಾನೇ. ಸರ್ಕಾರದ ನೀತಿ ರೂಪಿಸುವವರಿಗೆ ಉಪಯೋಗವಾಗುವಂತೆ ಹೇಳುವುದನ್ನೂ ವಿಜ್ಞಾನದ ವಿದ್ಯಾರ್ಥಿಗಳಿಗೆ ಕಲಿಸಬೇಕು ಎನ್ನಲು ಈ ಪತ್ರ.

ಆ ಪ್ರಶ್ನೆ ಸುಲಭದ್ದೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿನ ಆರ್ಸೆನಿಕ್ ಮಿತಿಯನ್ನು 1993ರಲ್ಲಿ ಲೀಟರಿಗೆ 50 ಮೈಕ್ರೋಗ್ರಾಂನಿಂದ 10ಕ್ಕೆ ಇಳಿಸಿದಾಗಲೂ ಅದನ್ನು ತಾತ್ಕಾಲಿಕ ಮಿತಿಯೆಂದೇ ಕರೆಯಿತು. ಅದಕ್ಕಿಂತ ಕಡಿಮೆ ಪ್ರಮಾಣವನ್ನು ಅಳೆಯುವುದಕ್ಕೂ ನೀರಿನಿಂದ ಬೇರ್ಪಡಿಸುವುದಕ್ಕೂ ಇರುವ ತೊಡಕುಗಳನ್ನು ಆ ಸಂಖ್ಯೆ ಲೆಕ್ಕಕ್ಕೆ ತೆಗೆದುಕೊಂಡಿದೆ. ಬಾಂಗ್ಲಾದೇಶದ ಅನುಭವ ಇನ್ನೂ ಜಟಿಲವಾದದ್ದು. ಕೆರೆಕುಂಟೆಗಳ ನೀರಿನಿಂದ ಹರಡುತ್ತಿದ್ದ ವಾಂತಿಭೇದಿಯನ್ನು ತಡೆಯಲೆಂದು ಅಲ್ಲಿ 1970ರ ದಶಕದಿಂದ ಲಕ್ಷಗಟ್ಟಲೆ ಕೊಳವೆಬಾವಿಗಳು ಬಂದವು. ಅವುಗಳಲ್ಲಿ ಆರ್ಸೆನಿಕ್ ಇರುವುದು 1993ರಲ್ಲಿ ಪತ್ತೆಯಾಯಿತು. ಬಾವಿಗಳನ್ನೆಲ್ಲ ಮುಚ್ಚಿಸಿದರೆ ಜನ ಮತ್ತೆ ಕೆರೆಯ ನೀರಿಗೇ ಹೋಗಬೇಕು. ಕೊನೆಗೆ ಬಾವಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟವಕ್ಕೆ ಕೆಂಪು, ಒಳ್ಳೆಯವಕ್ಕೆ ಹಸಿರು ಬಣ್ಣ ಬಳಿಯಲಾಯಿತು. ಅನೇಕ ಕುಟುಂಬಗಳು ನೆರೆಮನೆಯ ಹಸಿರು ಬಾವಿಯಿಂದ ನೀರು ತರತೊಡಗಿದವು. ನೀತಿ ಎಂಬುದು ಕೆಲವೊಮ್ಮೆ ಒಂದು ಡಬ್ಬಿ ಬಣ್ಣದಷ್ಟೇ ಸರಳವಾಗಿರುತ್ತದೆ, ಆದರೆ ಅಲ್ಲಿಗೆ ತಲುಪಬೇಕಾದರೆ ರಸಾಯನಶಾಸ್ತ್ರದ ಜೊತೆಗೆ ನೀರು ಹೊರುವವರು ಯಾರು, ಬದಲಿ ಬಾವಿ ಎಷ್ಟು ದೂರ, ಖರ್ಚು ಯಾರದು ಎಂಬುದೂ ಗೊತ್ತಿರಬೇಕು. ನಮ್ಮ ಪಠ್ಯಕ್ರಮದಲ್ಲಿ ಇದಕ್ಕೆ ಒಂದು ಗಂಟೆಯೂ ಮೀಸಲಿಲ್ಲ.

ವಿಜ್ಞಾನಿ ಸರ್ಕಾರದ ನೀತಿಯ ಬಗ್ಗೆ ಮಾತಾಡಿದರೆ ಚಳವಳಿಗಾರನಾಗಿಬಿಡುತ್ತಾನೆ, ಅವನ ದತ್ತಾಂಶವನ್ನೂ ಯಾರೂ ನಂಬುವುದಿಲ್ಲ ಎಂದು ನನ್ನ ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ಈ ಭಯ ನಿರಾಧಾರವಲ್ಲ. ಆದರೆ ಫ್ರಿಜ್ಜು, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳು ಓಝೋನ್ ಪದರವನ್ನು ನಾಶಮಾಡುತ್ತವೆ ಎಂದು 1974ರಲ್ಲಿ ಶೆರ್‌ವುಡ್ ರೋಲ್ಯಾಂಡ್ ಅವರೊಂದಿಗೆ ಪ್ರಕಟಿಸಿದಾಗ ರಸಾಯನವಿಜ್ಞಾನಿ ಮಾರಿಯೋ ಮೊಲಿನಾ ಅವರಿಗೆ ಕೇವಲ 31 ವರ್ಷ. ಇಬ್ಬರೂ ಪ್ರಬಂಧ ಬರೆದು ಸುಮ್ಮನಾಗದೆ ಪತ್ರಕರ್ತರಿಗೂ ಶಾಸಕರಿಗೂ ವಿವರಿಸುತ್ತ ಹೋದರು, ಉದ್ಯಮದ ಟೀಕೆಯನ್ನೂ ಎದುರಿಸಿದರು. 1987ರಲ್ಲಿ ಇಂಥ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದ ಬಂತು, 1995ರಲ್ಲಿ ಅವರಿಗೆ ನೊಬೆಲ್ ಸಂದಿತು. ಗೊತ್ತಿರುವುದು ಎಲ್ಲಿಗೆ ನಿಲ್ಲುತ್ತದೆ, ತನ್ನ ಅಭಿಪ್ರಾಯ ಎಲ್ಲಿಂದ ಶುರುವಾಗುತ್ತದೆ ಎಂದು ಬಿಡಿಸಿ ಹೇಳುವ ವಿಜ್ಞಾನಿಯ ಮೇಲಿನ ನಂಬಿಕೆ ಅಷ್ಟು ಬೇಗ ಕುಸಿಯುವುದಿಲ್ಲ ಎಂಬುದು ನನ್ನ ಅನಿಸಿಕೆ. ಹಾಗೆ ಬಿಡಿಸಿ ಹೇಳುವುದನ್ನೇ ಕಲಿಸಬೇಕು. ಅನಿಶ್ಚಿತತೆಯನ್ನು ಅಧಿಕಾರಿಗಳಿಗೆ ಅರ್ಥವಾಗುವಂತೆ ಹೇಳಲು ಸಾಧ್ಯವಿದೆ: ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ ವರದಿಗಳಲ್ಲಿ ‘ಸಂಭವನೀಯ’ ಎಂದರೆ ಕನಿಷ್ಠ ಶೇ 66ರಷ್ಟು, ‘ಅತಿ ಸಂಭವನೀಯ’ ಎಂದರೆ ಕನಿಷ್ಠ ಶೇ 90ರಷ್ಟು ಸಾಧ್ಯತೆ ಎಂದು ಮೊದಲೇ ನಿಗದಿಯಾಗಿರುತ್ತದೆ.

ಕರಡು ನಿಯಮವೊಂದನ್ನು ಓದಿ ಆಕ್ಷೇಪಣೆ ಬರೆಯುವುದು, ಸಾರ್ವಜನಿಕ ಅಹವಾಲು ಸಭೆಯಲ್ಲಿ ಕೊನೆಯವರೆಗೂ ಕೂತು ಕೇಳುವುದು, ಒಂದಷ್ಟು ತಿಂಗಳು ಶಾಸಕರ ಅಥವಾ ಇಲಾಖೆಯ ಕಚೇರಿಯಲ್ಲಿ ಕೆಲಸ ಮಾಡುವುದು ಸಂಶೋಧನಾ ಪದವಿಯ ಭಾಗವಾಗಬೇಕು. ಅಮೆರಿಕದ ವಿಜ್ಞಾನ ಪ್ರಗತಿ ಸಂಘವು 1973ರಿಂದಲೇ ವಿಜ್ಞಾನಿಗಳನ್ನು ಹೀಗೆ ಅಲ್ಲಿನ ಸಂಸತ್ತಿನ ಕಚೇರಿಗಳಿಗೆ ಕಳಿಸುತ್ತಿದೆ, ಆದರೆ ಅದು ಹೆಚ್ಚಾಗಿ ಪಿಎಚ್‌.ಡಿ. ಮುಗಿದ ಮೇಲಿನ ಅವಕಾಶ. ಅಷ್ಟು ಹೊತ್ತಿಗೆ ಬರವಣಿಗೆಯ ಅಭ್ಯಾಸಗಳು ಗಟ್ಟಿಯಾಗಿರುತ್ತವೆ.

ನನ್ನ ವಿದ್ಯಾರ್ಥಿನಿ ಆಮೇಲೆ ಆ ವರದಿಯನ್ನು ಎರಡು ಪುಟಗಳ ಟಿಪ್ಪಣಿಯಾಗಿ ಮತ್ತೆ ಬರೆದಳು: ಯಾವ ಬಾವಿಗಳನ್ನು ಕೂಡಲೇ ನಿಲ್ಲಿಸಬೇಕು, ಯಾವುವನ್ನು ಆರು ತಿಂಗಳ ನಂತರ ಮತ್ತೆ ಪರೀಕ್ಷಿಸಬೇಕು, ಯಾವುವನ್ನು ನಿಶ್ಚಿಂತೆಯಿಂದ ಬಳಸಬಹುದು. ಸಮಿತಿ ಅದನ್ನು ಓದಿತು. ಅದಕ್ಕೆ ಆಕೆ ವ್ಯಯಿಸಿದ ಎರಡು ವಾರಗಳು ಮಾತ್ರ ಆಕೆಯ ಪದವಿಯ ಮೌಲ್ಯಮಾಪನದಲ್ಲಿ ಎಲ್ಲಿಯೂ ಲೆಕ್ಕಕ್ಕೆ ಬರಲಿಲ್ಲ.

ಇಂತಿ,
ಪರಿಸರ ವಿಜ್ಞಾನದ ಒಬ್ಬ ಅಧ್ಯಾಪಕ